ಬದುಕಿರುವಾಗ ಎರಡು ಸಾಲು

ನಮ್ಮ ಪತ್ರಿಕೆಯಲ್ಲಿ ಒಂದು ಡ್ರಾಯರ್ ಇದೆ. ಇನ್ನೂ ಸಾಯದವರ ಸಾವಿನ ಸುದ್ದಿ ಅದರಲ್ಲಿ ತಯಾರಾಗಿ ಮಲಗಿರುತ್ತದೆ. ಮಂತ್ರಿಗಳು, ನಟರು, ಗಾಯಕರು, ಒಬ್ಬಿಬ್ಬರು ಹಳೆಯ ಪತ್ರಕರ್ತರು. ಹುಟ್ಟಿದ್ದು, ಓದಿದ್ದು, ಪಡೆದ ಪ್ರಶಸ್ತಿ ಎಲ್ಲ ಬರೆದಿಟ್ಟು ಕೊನೆಯಲ್ಲಿ ದಿನಾಂಕಕ್ಕೆ ಮಾತ್ರ ಜಾಗ ಬಿಟ್ಟಿರುತ್ತೇವೆ. ಕಂಪ್ಯೂಟರ್ ಬಂದ ಮೇಲೆ ಅದು ಫೋಲ್ಡರ್ ಆಯಿತು, ಆದರೂ ನಾವು ಡ್ರಾಯರ್ ಅಂತಲೇ ಕರೆಯುತ್ತೇವೆ. ಅದರ ಉಸ್ತುವಾರಿ ನನ್ನದು. ನಿಧನವಾರ್ತೆಯ ಪುಟ ಕಟ್ಟುವವಳೂ ನಾನೇ. ಮನೆಯಲ್ಲಿ ನನ್ನ ಗಂಡ ತಮಾಷೆಗೆ ನನ್ನನ್ನು ಯಮನ ಗುಮಾಸ್ತೆ ಅನ್ನುತ್ತಾರೆ.

ಸೋಮವಾರ ಬೆಳಗಿನ ಸಭೆ ಮುಗಿದ ಮೇಲೆ ಸಂಪಾದಕರು ನನ್ನೊಬ್ಬಳನ್ನೇ ಉಳಿಸಿಕೊಂಡರು.

"ಎಣಿಕೆಯಣ್ಣನ್ನ ಆಸ್ಪತ್ರೆಗೆ ಸೇರಿಸಿದ್ದಾರಂತೆ. ಎರಡೂ ಕಿಡ್ನಿ ಹೋಗಿದೆಯಂತೆ. ಅವರದು ರೆಡಿ ಇದೆಯಾ?"

"ಇದೆ, ಸರ್."

"ಅರ್ಧ ಪುಟ ಇಡೋಣ, ಮುಖಪುಟದಲ್ಲೇ. ಒಳ್ಳೇ ಫೋಟೋ ಹುಡುಕಿ. ನಗ್ತಾ ಇರೋದು."

ಹೋಗಿ ನೋಡಿಕೊಂಡು ಬರೋಣವಾ ಅಂತ ಕೇಳಲಿಲ್ಲ. ಹೇಗಿದ್ದಾರೆ ಅಂತಲೂ ಕೇಳಲಿಲ್ಲ. ನಗುವ ಫೋಟೋ ಬೇಕಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಆಫೀಸಿನಲ್ಲಿ ಮೈ ಉರಿದರೂ ಮುಖ ತಣ್ಣಗಿಟ್ಟುಕೊಂಡು ಮೂವತ್ತು ವರ್ಷ ಕಳೆದವಳು ನಾನು. "ಹುಡುಕ್ತೀನಿ, ಸರ್" ಅಂದು ಎದ್ದು ಬಂದೆ.

ಎಣಿಕೆಯಣ್ಣ ಅನ್ನುವುದು ಆಫೀಸು ಇಟ್ಟ ಹೆಸರು. ಯಾರೋ ಹೇಳಿದ ಸಂಖ್ಯೆಯನ್ನು ಅವರು ಎಂದೂ ಬರೆದವರಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ತುಂಬಿದ ಈ ಕಸುಬಿನಲ್ಲಿ, ಕೊಟ್ಟಿಗೆಗೇ ಹೋಗಿ ಕರುವಿನ ಕಾಲು ಎಣಿಸಿ ಬರುವವರು. ಒಮ್ಮೆ ಒಂದು ಪಕ್ಷದವರು ತಮ್ಮ ಸಭೆಗೆ ಲಕ್ಷ ಜನ ಸೇರಿದ್ದರು ಅಂದಾಗ, ಶಾಮಿಯಾನದವನ ಬಳಿ ಹೋಗಿ ಕುರ್ಚಿ ಎಷ್ಟು ಇಳಿಸಿದೆ ಅಂತ ಕೇಳಿ, ಸಾಲದೆಂದು ತಾವೇ ಎಣಿಸಿ, "ನಾಲ್ಕು ಸಾವಿರದ ಇನ್ನೂರು ಕುರ್ಚಿ, ಅದರಲ್ಲಿ ಅರ್ಧ ಖಾಲಿ" ಅಂತ ಬರೆದಿದ್ದರು. ನಾನು ಕೆಲಸಕ್ಕೆ ಸೇರಿದಾಗ ನನ್ನ ಮೊದಲ ಸುದ್ದಿಯನ್ನು ಮೇಜಿನ ಮೇಲೆ ವಾಪಸ್ ಎಸೆದು, "ಸುಮಾರು ಅಂತ ಐದು ಕಡೆ ಬರೆದಿದ್ದೀಯ ತಂಗಿ. ಸುಮಾರಾಗಿ ಬದುಕೋದಾದ್ರೆ ಈ ಕೆಲಸ ಯಾಕೆ?" ಅಂದಿದ್ದರು.

ನಿಧನವಾರ್ತೆಯ ನಿಯಮ ಮಾಡಿದ್ದೂ ಅವರೇ. ಯಾರೋ ಕಿಡಿಗೇಡಿ ಫೋನ್ ಮಾಡಿದ್ದನ್ನು ನಂಬಿ ಒಬ್ಬ ನಿವೃತ್ತ ಹೆಡ್‌ಮಾಸ್ಟರನ್ನು ನಾವು ಸಾಯಿಸಿಬಿಟ್ಟಿದ್ದೆವು. ಅವರು ಮರುದಿನ ಪತ್ರಿಕೆ ಹಿಡಿದುಕೊಂಡು ಆಫೀಸಿಗೆ ಬಂದು, ಸುದ್ದಿಯಲ್ಲಿದ್ದ ನಾಲ್ಕು ಕಾಗುಣಿತದ ತಪ್ಪುಗಳಿಗೆ ಕೆಂಪು ಗೆರೆ ಎಳೆದು ಹೋದರು. ಆಮೇಲೆ ಎಣಿಕೆಯಣ್ಣ ಒಂದು ಫಾರಂ ಮಾಡಿಸಿದರು. ಸತ್ತವರ ಹೆಸರು, ವಯಸ್ಸು, ದಿನ, ಕಾರಣ. ಕೆಳಗೆ ಮನೆಯವರೊಬ್ಬರ ಸಹಿ, ವಿಳಾಸ. ಸಹಿ ಇಲ್ಲದಿದ್ದರೆ ಮಂತ್ರಿಯ ಸಾವೂ ಆ ಅಂಕಣಕ್ಕೆ ಬರಕೂಡದು. ಸಹಿ ಇದ್ದರೆ ಕೂಲಿಯವನ ಸಾವನ್ನೂ ಯಾರೂ ಕತ್ತರಿಸಕೂಡದು. ಸಂಪಾದಕರು ಕೂಡ. ಆ ಕಾಗದ ಇಂದಿಗೂ ಕೌಂಟರಿನ ಗೋಡೆಯ ಮೇಲೆ ಅಂಟಿಕೊಂಡಿದೆ.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಜನರಲ್ ವಾರ್ಡು, ಬಾಗಿಲ ಪಕ್ಕದ ಹಾಸಿಗೆ. ಬಂದು ಹೋಗುವವರ ಬ್ಯಾಗು ಮಂಚಕ್ಕೆ ತಗುಲುತ್ತಲೇ ಇತ್ತು. ಕೈಕಾಲು ಬಾತಿದ್ದವು, ಮುಖ ಮಾತ್ರ ಒಣಗಿ ಮೂಗೊಂದೇ ಉಳಿದಿತ್ತು. ಅವರ ಹೆಂಡತಿ, ನಮಗೆಲ್ಲ ಅತ್ತಿಗೆ, ಸ್ಟೂಲಿನ ಮೇಲೆ ಕೂತು ಡ್ರಿಪ್ಪಿನ ಕಡೆ ನೋಡುತ್ತಿದ್ದರು.

"ನಿಮಿಷಕ್ಕೆ ಹದಿನೆಂಟು ಹನಿ," ಅಂದರು ಎಣಿಕೆಯಣ್ಣ, ನನ್ನನ್ನು ಕಂಡ ಕೂಡಲೇ. "ನರ್ಸಮ್ಮ ಇಪ್ಪತ್ತು ಅಂತ ಬರ್ಕೊಂಡು ಹೋದ್ಲು. ಕೂತ್ಕೋ. ನನ್ನದು ರೆಡಿ ಇದೆಯಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇದೆ ಅಣ್ಣ. ಅರ್ಧ ಪುಟ ಅಂತೆ. ಮುಖಪುಟ."

ಅವರು ಕೆಮ್ಮು ಬರುವಷ್ಟು ನಕ್ಕರು. ಅತ್ತಿಗೆ ನಗಲಿಲ್ಲ. "ನೆಟ್ಟಗೆ ಬದುಕಿದ್ದಾಗ ಹವಾಮಾನದ ಮೂಲೆಗೆ ತಳ್ಳಿದ್ರು. ಈಗ ಮುಖಪುಟಾನಾ? ನಾಚಿಕೆ ಆಗಲ್ವಾ ಅವರಿಗೆ?" ಅಂದರು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು.

"ಅರ್ಧ ಪುಟ ಬೇಡ ತಂಗಿ," ಅಂದರು ಎಣಿಕೆಯಣ್ಣ, ನಗು ನಿಂತ ಮೇಲೆ. "ಬದುಕಿರುವಾಗ ಎರಡು ಸಾಲು ಕೊಡೋಕೆ ಹೇಳು. ಯಾವ ಎರಡು ಸಾಲು ಅಂತ ನಿನಗೆ ಗೊತ್ತು."

ಗೊತ್ತಿಲ್ಲದೆ ಏನು. ಅಳಿಸಬೇಕಾದ ಆ ಹಳೆಯ ಎರಡು ಸಾಲು ಬರೆದವಳೇ ನಾನು.

ಇಪ್ಪತ್ತೆರಡು ವರ್ಷದ ಹಿಂದೆ ಚೀಲ ಹೊಲಿಯುವ ಕಾರ್ಖಾನೆಯೊಂದಕ್ಕೆ ಬೆಂಕಿ ಬಿತ್ತು. ಎರಡನೇ ಮಹಡಿಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಸತ್ತವರು ಹತ್ತೊಂಬತ್ತು ಅಂದರು ಅಧಿಕಾರಿಗಳು. ಹಾಜರಿ ಪುಸ್ತಕದಲ್ಲಿ ಅಷ್ಟೇ ಜನರಿದ್ದರು. ಎಣಿಕೆಯಣ್ಣ ಆರು ದಿನ ಗಲ್ಲಿ ಗಲ್ಲಿ ಅಲೆದು, ಪುಸ್ತಕದಲ್ಲಿಲ್ಲದ ದಿನಗೂಲಿಯ ಹೆಣ್ಣುಮಕ್ಕಳ ಮನೆ ಹುಡುಕಿ, ಮೂವತ್ತೊಂದು ಅಂತ ಬರೆದರು. ಉಳಿದ ಹನ್ನೆರಡು ಜನ ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದಾರೆ ಅಂತ ಕಾರ್ಖಾನೆಯವರು ಹೇಳಿದರು. ಕಾರ್ಖಾನೆಯ ಮಾಲೀಕರೂ ನಮ್ಮ ಮಾಲೀಕರೂ ಬೀಗರು. ಅಂದಿನ ಸಂಪಾದಕರು ಸಂಜೆ ನನ್ನನ್ನು ಕರೆದು ಬರೆಸಿದರು: "ಬೆಂಕಿ ಅನಾಹುತದಲ್ಲಿ ಸತ್ತವರು ಮೂವತ್ತೊಂದು ಎಂದು ಪ್ರಕಟವಾದದ್ದು ತಪ್ಪು, ಸರಿಯಾದ ಸಂಖ್ಯೆ ಹತ್ತೊಂಬತ್ತು. ಪ್ರಮಾದಕ್ಕೆ ವಿಷಾದಿಸುತ್ತೇವೆ."

ಎರಡು ಸಾಲು. ಒಂದೇ ಏಟಿಗೆ ಬರೆದುಕೊಟ್ಟೆ, ಅದೇ ನನಗೆ ಇವತ್ತಿಗೂ ನಾಚಿಕೆ. ಮಗು ಚಿಕ್ಕದು, ಕೆಲಸ ಬೇಕಿತ್ತು ಅಂತ ನಾನು ನನಗೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಮರುವಾರ ಎಣಿಕೆಯಣ್ಣನನ್ನು ಹವಾಮಾನದ ಅಂಕಣಕ್ಕೆ ಹಾಕಿದರು. ಗರಿಷ್ಠ ಇಷ್ಟು, ಕನಿಷ್ಠ ಇಷ್ಟು. ಎಂಟು ವರ್ಷ ಅದನ್ನೇ ಮಾಡಿ ನಿವೃತ್ತರಾದರು. ಅದನ್ನೂ ನಂಬದೆ ಮಹಡಿಯ ಮೇಲೊಂದು ಥರ್ಮಾಮೀಟರ್ ನೇತುಹಾಕಿಕೊಂಡು ದಿನಾ ಹತ್ತಿ ನೋಡಿ ಬರುತ್ತಿದ್ದರು. ನನ್ನ ಮೇಲೆ ಒಂದು ದಿನವೂ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಮಂಗಳವಾರ ಧೈರ್ಯ ಮಾಡಿ ಸಂಪಾದಕರ ಕೋಣೆಗೆ ಹೋದೆ. ಹಳೆಯ ವಿಷಾದವನ್ನು ಹಿಂತೆಗೆದುಕೊಂಡು ಎರಡು ಸಾಲು ಹಾಕೋಣ, ಅವರು ಕಣ್ಣಾರೆ ನೋಡಲಿ ಅಂದೆ.

"ಏನಮ್ಮಾ, ಹಳೇ ಗಾಯ ಕೆರೆಯೋದು ಯಾಕೆ? ಅವರ ಮೇಲೆ ನನಗೂ ಗೌರವ ಇದೆ. ಅದಕ್ಕೇ ಅಲ್ವಾ ಅರ್ಧ ಪುಟ ಕೊಡ್ತಿರೋದು?"

"ಸತ್ತ ಮೇಲೆ ಅರ್ಧ ಪುಟ ಇದೆ, ಈಗ ಎರಡು ಸಾಲಿಗೆ ಜಾಗ ಇಲ್ವಾ, ಸರ್?"

"ಜಾಗದ ಪ್ರಶ್ನೆ ಅಲ್ಲ. ನಿಮ್ಮ ರಿಟೈರ್‌ಮೆಂಟಿಗೆ ಇನ್ನೆಷ್ಟು ವರ್ಷ ಇದೆ?"

"ಎರಡು."

"ನೆಮ್ಮದಿಯಾಗಿ ಮುಗಿಸಿ," ಅಂದರು. ಬಾಯಲ್ಲಿ ಬೆಲ್ಲವಿಟ್ಟುಕೊಂಡೇ ಹೇಳಿದರು.

ಈ ಮಾತು ಆಸ್ಪತ್ರೆಗೆ ತಲುಪಿಸಿದಾಗ ಎಣಿಕೆಯಣ್ಣ ಅತ್ತಿಗೆಗೆ ಕಣ್ಸನ್ನೆ ಮಾಡಿದರು. ಅವರು ಮಂಚದ ಕೆಳಗಿನ ಚೀಲದಿಂದ ಎಕ್ಸ್‌ರೇ ಇಡುವ ದೊಡ್ಡ ಕವರು ತೆಗೆದರು. ಎಕ್ಸ್‌ರೇ ಜೊತೆ ಅದರಲ್ಲಿ ಹಳದಿಯಾದ ಕಾಗದಗಳಿದ್ದವು. ನಮ್ಮ ನಿಧನವಾರ್ತೆಯ ಫಾರಂಗಳು, ಹನ್ನೆರಡು. ಒಂದೊಂದಕ್ಕೂ ತಾಯಿಯದೋ ಗಂಡನದೋ ಅಣ್ಣನದೋ ಸಹಿ. ನಾಲ್ಕಕ್ಕೆ ಹೆಬ್ಬೆಟ್ಟು. ಕಾರಣದ ಜಾಗದಲ್ಲಿ ಹನ್ನೆರಡರಲ್ಲೂ ಒಂದೇ ಪದ: ಬೆಂಕಿ. ತೀರ ಚಿಕ್ಕವಳ ವಯಸ್ಸು ಹದಿನೇಳು.

"ವಿಷಾದ ಬಂದ ಮಾರನೇ ದಿನಾನೇ ಕೌಂಟರಿಗೆ ಕೊಟ್ಟಿದ್ದೆ," ಅಂದರು. "ಮ್ಯಾನೇಜರು ವಾಪಸ್ ಕೊಟ್ಟ. ನನ್ನ ನಿಯಮ ಮುರಿದಿದ್ದು ಅದೊಂದೇ ಸಲ. ಈಗ ಆ ಪುಟ ನಿನ್ನ ಕೈಯಲ್ಲಿದೆ."

"ನಾಳೆನೇ ಹಾಕ್ತೀನಿ ಅಣ್ಣ."

"ಹಾಕೋ ಮುಂಚೆ ಸಹಿ ಎಣಿಸು," ಅಂದು ಕಣ್ಣು ಮುಚ್ಚಿದರು.

ನಾಳೆ ಅಂದೆನಲ್ಲ, ಹಾಕಲಿಲ್ಲ. ಬುಧವಾರ ಪುಟದಲ್ಲಿ ಜಾಗ ಕಡಿಮೆ ಇತ್ತು. ಗುರುವಾರ ಸಂಪಾದಕರು ನನ್ನ ಮೇಜಿನ ಹತ್ತಿರ ಎರಡು ಸಲ ಓಡಾಡಿದರು. ಶುಕ್ರವಾರಕ್ಕೆ ನೆಪವೂ ಇರಲಿಲ್ಲ, ಬರೀ ಹೆದರಿಕೆ. ಎರಡು ವರ್ಷದ ನೆಮ್ಮದಿ ನನ್ನ ಕತ್ತು ಹಿಡಿದುಕೊಂಡಿತ್ತು. ಕವರು ನನ್ನ ಬ್ಯಾಗಿನಲ್ಲಿ ಮನೆಗೂ ಆಫೀಸಿಗೂ ಓಡಾಡುತ್ತಿತ್ತು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅತ್ತಿಗೆ ಫೋನ್ ಮಾಡಿದರು. "ಹೋಗ್ಬಿಟ್ರು. ದಿನಾ ಪೇಪರ್ ತರಿಸಿ ಆ ಪುಟ ಒಂದೇ ನೋಡ್ತಿದ್ರು," ಅಂದರು.

ಆಫೀಸಿನ ಶೌಚಾಲಯದಲ್ಲಿ ನಲ್ಲಿ ಬಿಟ್ಟು ಅತ್ತೆ. ನನ್ನಷ್ಟು ಹೇಡಿ ಇನ್ನೊಬ್ಬಳಿಲ್ಲ ಅನ್ನಿಸಿತು. ಅನ್ನಿಸಿದ್ದೇನು, ಅದೇ ನಿಜ.

ಹೊರಗೆ ಬಂದರೆ ಆಫೀಸಿಗೆ ಆಫೀಸೇ ಸಡಗರದಲ್ಲಿತ್ತು. ನಗುವ ಫೋಟೋ ಸಿಕ್ಕಿತ್ತು. ಸಂಪಾದಕರು ತಾವೇ ಕೂತು ತಲೆಬರಹ ಕೊಟ್ಟಿದ್ದರು: "ಸತ್ಯವನ್ನು ಎಣಿಸಿದ ಬೆರಳುಗಳು". ನಾನು ಬರೆದಿಟ್ಟ ಲೇಖನದಲ್ಲಿ ಬೆಂಕಿಯ ಬಗ್ಗೆ ಇದ್ದ ಪ್ಯಾರಾ ತೆಗೆದು, ಆ ಜಾಗಕ್ಕೆ "ಹವಾಮಾನ ವರದಿಗಾರಿಕೆಗೂ ಅವರ ಕೊಡುಗೆ ಅಮೂಲ್ಯ" ಅಂತ ಸೇರಿಸಿದ್ದರು. ಅಮೂಲ್ಯ ಅಂತೆ! ಮನುಷ್ಯನನ್ನು ಎಂಟು ವರ್ಷ ಮೂಲೆಯಲ್ಲಿ ಕೂರಿಸಿ, ಆ ಮೂಲೆಗೇ ಹಾರ ಹಾಕುವುದಕ್ಕೆ ಎಂಥ ಎದೆ ಬೇಕು?

ಆ ಪದ ಓದಿದ ಮೇಲೆ ನನ್ನ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಸಂಜೆ ಐದಕ್ಕೆ ನಿಧನವಾರ್ತೆಯ ಪುಟ ತೆರೆದೆ. ಸಹಿ ಎಣಿಸಿದೆ. ಎಂಟು ಸಹಿ, ನಾಲ್ಕು ಹೆಬ್ಬೆಟ್ಟು. ಹನ್ನೆರಡನ್ನೂ ಫಾರಂನಲ್ಲಿ ಇದ್ದಂತೆಯೇ ಟೈಪ್ ಮಾಡಿದೆ, ಇಪ್ಪತ್ತೆರಡು ವರ್ಷದ ಹಿಂದಿನ ತಾರೀಖಿನ ಸಮೇತ. ಹದಿಮೂರನೆಯದು ಎಣಿಕೆಯಣ್ಣನದು, ಮಧ್ಯಾಹ್ನ ಅತ್ತಿಗೆ ಸಹಿ ಹಾಕಿ ಕಳಿಸಿದ್ದರು. ಅದನ್ನು ಅವರೆಲ್ಲರ ಕೆಳಗೆ, ಅಷ್ಟೇ ಸಣ್ಣ ಅಕ್ಷರದಲ್ಲಿ ಇಟ್ಟೆ. ಆಫೀಸಿನಲ್ಲಿ ಆ ಪುಟವನ್ನು ಬೇರೆ ಯಾರೂ ನೋಡುವುದಿಲ್ಲ. ಸಾವು ಮನೆಯವರಿಗೆ ಬಿಟ್ಟರೆ ಬೇರೆ ಯಾರಿಗೆ ಬೇಕು? ಪುಟ ಮುದ್ರಣಕ್ಕೆ ಹೋಯಿತು.

ಭಾನುವಾರ ರಜೆ ಹಾಕದೆ ಬೆಳಿಗ್ಗೆಯೇ ಆಫೀಸಿಗೆ ಬಂದೆ. ಸಂಪಾದಕರು ಪತ್ರಿಕೆಯನ್ನು ಮೇಜಿಗೆ ಬಡಿಯುತ್ತಾ ನಿಂತಿದ್ದರು.

"ಏನ್ರೀ ಇದು?"

"ನಿಧನವಾರ್ತೆ, ಸರ್."

"ಇಪ್ಪತ್ತೆರಡು ವರ್ಷದ ಹಿಂದೆ ಸತ್ತೋರದ್ದಾ?"

"ಎಷ್ಟು ದಿನದ ಒಳಗೆ ಸತ್ತಿರಬೇಕು ಅಂತ ನಿಯಮದಲ್ಲಿ ಇಲ್ಲ, ಸರ್. ಸಹಿ ಇರಬೇಕು ಅಂತಿದೆ. ಸಹಿ ಇದೆ. ಇಷ್ಟು ದಿನ ಅವರು ಸತ್ತೇ ಇಲ್ಲ ಅಂತ ಹೇಳ್ಕೊಂಡು ಬಂದೋರು ನಾವು."

"ಮಾಲೀಕರಿಗೆ ನಾನೇನು ಹೇಳಲಿ?"

"ಎಣಿಸಿ ನೋಡೋಕೆ ಹೇಳಿ."

ಆ ಉತ್ತರ ನನ್ನದಲ್ಲ, ಯಾರದು ಅಂತ ಅವರಿಗೂ ಗೊತ್ತಾಯಿತು. "ನಾಳೆ ನೋಟಿಸ್ ಬರುತ್ತೆ," ಅಂದು ಬಾಗಿಲು ಹಾಕಿಕೊಂಡರು. ಬರಲಿ ಅಂದುಕೊಂಡೆ.

ಹನ್ನೊಂದರ ಹೊತ್ತಿಗೆ ಕೌಂಟರಿನವರು ನನ್ನನ್ನು ಕೆಳಗೆ ಕರೆದರು. ವಯಸ್ಸಾದ ಹೆಂಗಸೊಬ್ಬಳು ಪತ್ರಿಕೆ ಎದೆಗವಚಿಕೊಂಡು ನಿಂತಿದ್ದಳು. ಪಕ್ಕದ ಮನೆಯವರು ಓದಿ ಹೇಳಿದರಂತೆ. ಹದಿನೇಳು ವರ್ಷದವಳ ತಾಯಿ. ನಾಲ್ಕು ಹೆಬ್ಬೆಟ್ಟಿನಲ್ಲಿ ಒಂದು ಅವಳದು.

"ನನ್ ಮಗಳದು ಹಾಕಿದ್ದೀರಂತೆ."

"ಹೌದಮ್ಮ."

"ಮನೆಮನೆಗೆ ಬಂದು ಬರ್ಕೊಂಡು ಹೋಗಿದ್ರಲ್ಲ, ಆ ಸಾರ್ ಎಲ್ಲಿ?"

ನಾನು ಮುಖಪುಟದ ಅರ್ಧ ಪುಟ ತೋರಿಸಿದೆ. ಅವಳು ಫೋಟೋದ ಮೇಲೆ ಕೈ ಇಟ್ಟಳು.

"ಇಷ್ಟುದ್ದ ಬರೆದಿದ್ದೀರಲ್ಲ. ಇದರಲ್ಲಿ ನಮ್ಮ ಮಕ್ಕಳ ಸುದ್ದಿ ಇದೆಯಾ?"

"ಇಲ್ಲಮ್ಮ."

ಅವಳು ಮುಖಪುಟವನ್ನು ಬಿಡಿಸಿ ಕೌಂಟರಿನ ಮೇಲಿಟ್ಟು, ಒಳಗಿನ ಪುಟವೊಂದನ್ನೇ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು.

"ಜನ ನನ್ನ ಮಗಳು ಯಾರ ಜೊತೆಗೋ ಓಡಿಹೋದ್ಲು ಅಂದ್ರು. ಪೇಪರಲ್ಲೇ ಬಂದಿದೆ, ಸತ್ತಿದ್ದು ಹತ್ತೊಂಬತ್ತೇ ಅಂದ್ರು. ಇಪ್ಪತ್ತೆರಡು ವರ್ಷ ಕೇಳ್ಕೊಂಡು ಕೂತೆ. ಅದನ್ನ ಬರೆದೋರು ಯಾರು?"

ಅಂದಿನ ಸಂಪಾದಕರು ಸತ್ತು ಹತ್ತು ವರ್ಷವಾಗಿದೆ. ಅವರ ಹೆಸರು ಹೇಳಬಹುದಿತ್ತು. ಅವರಿಗೂ ನಾವು ಅರ್ಧ ಪುಟ ಕೊಟ್ಟಿದ್ದೆವು, ಅದನ್ನು ಬರೆದವಳೂ ನಾನೇ.

"ನಾನಮ್ಮ," ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಕೌಂಟರಿನ ಎದುರಿನ ಬೆಂಚಿನ ಮೇಲೆ ಹೋಗಿ ಕೂತಳು.

"ಹಾಗಾದ್ರೆ ಅದನ್ನೂ ಬರಿ. ನೀನು ಬರೆಯೋ ತನಕ ನಾನು ಏಳಲ್ಲ."

ಕೌಂಟರಿನಲ್ಲಿ ಬೇರೆ ಕಾಗದ ಸಿಗಲಿಲ್ಲ. ನಿಧನವಾರ್ತೆಯ ಫಾರಂ ಒಂದನ್ನೇ ಎಳೆದುಕೊಂಡು, ಅದರ ಹಿಂಬದಿಯಲ್ಲಿ ಬರೆದೆ: "ಬೆಂಕಿಯಲ್ಲಿ ಸತ್ತವರು ಮೂವತ್ತೊಂದು. ಹತ್ತೊಂಬತ್ತು ಎಂದು ಸುಳ್ಳು ಬರೆದವಳು ನಾನು." ಎರಡೇ ಸಾಲು. ಕೆಳಗೆ ಸಹಿ ಹಾಕಿ, ವಿಳಾಸ ಬರೆದು, ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ.

"ಇನ್ನೊಂದು ಸಲ ಓದು," ಅಂದಳು.