ಜಂಬುನಾಥನ ಗಾಡಿಗೆ ಹೋದ ಗಾಲಿ

ಆ ಭಾನುವಾರ ಕಮಲಾಪುರದ ಕೆರೆಯ ಪಕ್ಕ, ಮರಗಳ ನೆರಳಿನಲ್ಲಿ ಹಳೆಯ ಬುಲೆಟ್‌ಗಳು ಸಾಲಾಗಿ ನಿಂತಿದ್ದವು. ಬಳ್ಳಾರಿ, ಕೊಪ್ಪಳ, ಗಂಗಾವತಿಯ ಸವಾರರು ಹಂಪಿ ಸುತ್ತಿ ಬಂದು ಅಲ್ಲಿ ಚಹಾ ಕುಡಿಯುತ್ತಿದ್ದರು. ಒಂದು ಗಾಡಿಯ ಸುತ್ತ ಮಾತ್ರ ಜನ ಗುಂಪು ಕಟ್ಟಿದ್ದರು. ಅದು ಮಾರೇಶನದಲ್ಲ, ಅವನ ತಂಗಿಯ ಗಂಡ ಜಂಬುನಾಥನದು.

ಒಬ್ಬ ಮಂಡಿಯೂರಿ ಅದರ ಮುಂದಿನ ಗಾಲಿಯ ಫೋಟೊ ತೆಗೆಯುತ್ತಿದ್ದ. ಆ ಗಾಲಿ, ಅದನ್ನು ಹಿಡಿದ ಫೋರ್ಕ್, ಡಿಸ್ಕ್ ಬ್ರೇಕ್, ಮಡ್‌ಗಾರ್ಡ್ ಎಲ್ಲವೂ ಎರಡು ತಿಂಗಳ ಹಿಂದೆ ಮಾರೇಶನ ಗಾಡಿಯಲ್ಲಿದ್ದವು. ಅಲ್ಲಿದ್ದಾಗ ಯಾರೂ ಅವುಗಳ ಫೋಟೊ ತೆಗೆದಿರಲಿಲ್ಲ.

ಮಾರೇಶ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್. ಜಂಬುನಾಥ ದೋಣಿಮಲೈ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಇಬ್ಬರದೂ ಸಾಟಿ ಮದುವೆ: ಮಾರೇಶನ ತಂಗಿ ಗಂಗೋತ್ರಿಗೆ ಜಂಬುನಾಥ, ಜಂಬುನಾಥನ ತಂಗಿ ದುರ್ಗಾಗೆ ಮಾರೇಶ ಒಂದೇ ಚಪ್ಪರದಲ್ಲಿ ತಾಳಿ ಕಟ್ಟಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಮಾವ ಎಂದೇ ಕರೆಯುತ್ತಿದ್ದರು. ಹಬ್ಬಕ್ಕೆ ಈ ಮನೆಯಿಂದ ಎಂಥ ಸೀರೆ ಹೋಯಿತೋ ಆ ಮನೆಯಿಂದಲೂ ಅಂಥದ್ದೇ ಬರಬೇಕು. ಹೆಚ್ಚಾದರೂ ಮಾತು, ಕಡಿಮೆಯಾದರೂ ಮಾತು.

ಫೋರ್ಕ್ ಮತ್ತು ಗಾಲಿಯ ಅದಲುಬದಲನ್ನೂ ಅವರು ಅದೇ ಲೆಕ್ಕದಲ್ಲಿ ಮಾಡಿಕೊಂಡಿದ್ದರು. ಗಂಗೋತ್ರಿಗೆ ಸಂಡೂರಿನ ಒಂದು ಲ್ಯಾಬಿನಲ್ಲಿ ಕೆಲಸ. ಜಂಬುನಾಥ ದಿನವೂ ಅವಳನ್ನು ಹಿಂದೆ ಕೂರಿಸಿಕೊಂಡು ದೋಣಿಮಲೈ ಗುಡ್ಡ ಇಳಿಯುತ್ತಿದ್ದ. ಅವನ ಗಾಡಿಯ ಹಳೆಯ ಡ್ರಮ್ ಬ್ರೇಕ್ ಒಮ್ಮೆ ತಿರುವಿನಲ್ಲಿ ಕೈಕೊಟ್ಟು, ಮುಂದಿದ್ದ ಅದಿರಿನ ಲಾರಿಯ ಹಿಂಬದಿಗೆ ಗಾಲಿ ತಾಗಿಯೇ ಗಾಡಿ ನಿಂತಿತ್ತು. ಮಾರೇಶನ ಗಾಡಿಗೆ ಡಿಸ್ಕ್ ಬ್ರೇಕ್ ಇತ್ತು. ಆದರೆ ಹಳೇ ಗಾಡಿಯ ಮಂದಿ ಅದನ್ನು ಕಂಡು ಮೂಗು ಮುರಿಯುತ್ತಿದ್ದರು. ಅವನಿಗೆ ಬೇಕಿದ್ದದ್ದು ಜಂಬುನಾಥನ ಗಾಡಿಯ ಅಸಲಿ ಮುಖ: ಹೆಡ್‌ಲೈಟನ್ನು ಒಳಗೆ ಕೂರಿಸಿಕೊಂಡ ದಪ್ಪ ತಗಡು, ಎರಡೂ ಬದಿಗೆ ಪುಟ್ಟ ದೀಪ. ಹೊಸಪೇಟೆಯ ಟಿ.ಬಿ. ಡ್ಯಾಂ ರಸ್ತೆಯಲ್ಲಿ ಗ್ಯಾರೇಜ್ ಇಟ್ಟಿರುವ ಗಾದಿಲಿಂಗಪ್ಪ ಎರಡೂ ಗಾಡಿಗಳ ಮುಂಭಾಗ ಬಿಚ್ಚಿ ಅದಲುಬದಲು ಮಾಡಿಕೊಟ್ಟಿದ್ದ. ಅಳತೆ ಕೂಡಿ ಬಂತು. ಹ್ಯಾಂಡಲ್ ತಿರುಗುವ ಬೇರಿಂಗ್ ಮಾತ್ರ ಹೊಸದು ಹಾಕಬೇಕಾಯಿತು.

ಆಮೇಲೆ ಜಂಬುನಾಥ ಸುಮ್ಮನೆ ಕೂರಲಿಲ್ಲ. ಫೋರ್ಕಿಗೆ, ರಿಮ್ಮಿಗೆ ಕಪ್ಪು ಬಣ್ಣ ಹೊಡೆಸಿದ. ಟ್ಯಾಂಕಿಗೆ ಅದಿರಿನ ಮಣ್ಣಿನ ಕೆಂಪು ಬಳಿದ, ಧೂಳು ಕೂತರೂ ಕಾಣಬಾರದೆಂದು. ಸೀಟನ್ನು ತೆಳ್ಳಗೆ, ಉದ್ದಕ್ಕೆ ಹೊಲಿಸಿದ.

"ಮಾವ, ಯಾಕ ದೂರ ನಿಂತೀ? ಬಾ, ಇವ್ರಿಗೆ ಹೇಳು, ಇದು ನಿನ್ನ ಗಾಲಿ ಅಂತ," ಎಂದು ಜಂಬುನಾಥ ಗುಂಪಿನ ನಡುವಿನಿಂದ ಕೂಗಿದ.

"ನೀನ ಹೇಳು, ನಿನ್ನ ಬಾಯಿ ದೊಡ್ಡದೈತಿ," ಎಂದ ಮಾರೇಶ. ಎಲ್ಲರೂ ನಕ್ಕರು. ಮಾರೇಶ ತಮಾಷೆಗೆ ಹೇಳಿರಲಿಲ್ಲ.

ಅವನ ಗಾಡಿಯ ಹತ್ತಿರ ಬಂದವನು ಒಬ್ಬನೇ. ಅವನೂ ಅದರ ಕನ್ನಡಿಯಲ್ಲಿ ತಲೆ ಬಾಚಿಕೊಂಡು ಹೋದ.

ಮಾರೇಶ ಮನೆಗೆ ಬಂದು ಊಟಕ್ಕೆ ಕೂತಾಗ ಹೇಳಿದ: "ದುರ್ಗಾ, ನಿಮ್ಮಣ್ಣಗ ಫೋನ್ ಮಾಡು. ನನ್ನ ಮುಂದಿನ ಗಾಲಿ, ಫೋರ್ಕು ವಾಪಸ್ ಬೇಕು."

ದುರ್ಗಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಕೊಟ್ಟೋರು ನೀವ. ಈಗ ಹೊಟ್ಟಿ ಯಾಕ ಉರೀತೈತಿ?"

"ಹೊಟ್ಟಿ ಯಾಕ ಉರೀಲಿ? ನನಗ ಬ್ರೇಕ್ ಬೇಕಾಗೈತಿ."

"ಕಂಪ್ಲಿ ಕಾಲುವಿ ದಂಡಿ ಮ್ಯಾಲ ಎಲ್ಲಿ ಐತ್ರಿ ಇಳಿಜಾರು? ನಾಳೆ ನಿಮ್ಮ ತಂಗಿನೂ ವಾಪಸ್ ಕರಕೊಂಡು ಬರ್ತೀರೇನು? ಮೊದಲ ಹೇಳ್ರಿ. ನಾನೂ ಬಟ್ಟಿ ಗಂಟು ಕಟ್ಟಬೇಕಾಗ್ತೈತಿ."

ಮಾರೇಶ ಫೋನನ್ನು ತಾನೇ ಮಾಡಿದ. ಜಂಬುನಾಥ ಜಗಳವಾಡಲಿಲ್ಲ. "ಆಯ್ತು ಮಾವ, ನಿನ್ನ ಸಾಮಾನು. ಶನಿವಾರ ಬರ್ತೀನಿ," ಎಂದಷ್ಟೇ ಹೇಳಿದ. ಅವನು ಒಂದು ಮಾತು ಬೈದಿದ್ದರೂ ಮಾರೇಶನಿಗೆ ಸಮಾಧಾನವಾಗುತ್ತಿತ್ತು.

ಶನಿವಾರ ಗಾದಿಲಿಂಗಪ್ಪ ಎರಡೂ ಎಂಜಿನ್‌ಗಳ ಕೆಳಗೆ ಮರದ ದಿಮ್ಮಿ ಕೊಟ್ಟು, ಗಾಲಿ ಬಿಚ್ಚಿ, ಫೋರ್ಕ್ ಕೆಳಗೆಳೆದ. ಜಂಬುನಾಥನ ಜೊತೆ ಗಂಗೋತ್ರಿಯೂ ಬಂದಿದ್ದಳು. ಅವಳು ಗಂಡನ ಗಾಡಿಗೆ ಮರಳಲಿದ್ದ ಡ್ರಮ್ ಗಾಲಿಯನ್ನು ನೋಡುತ್ತ ಗಾದಿಲಿಂಗಪ್ಪನನ್ನು ಕೇಳಿದಳು.

"ಕಾಕಾ, ಹೊಸ ಬ್ರೇಕ್ ಶೂ ಹಾಕಿದ್ರ ಗುಡ್ಡ ಇಳಿಯಾಕ ಹಿಡೀತೈತೇನ್ರಿ?"

"ಹಿಡೀತೈತವ್ವ. ಆದ್ರ ಅದು ಬಿಸಿ ಆದ ಮ್ಯಾಲ ನಾ ಮಾತು ಕೊಡಂಗಿಲ್ಲ."

"ಹಂಗಾದ್ರ ಸೋಮವಾರದಿಂದ ನಾ ಬಸ್ಸಿಗೆ ಹೋಗ್ತೀನಿ," ಎಂದಳು. ಆಮೇಲೆ ಮಾರೇಶನ ಕಡೆ ತಿರುಗಿದಳು. "ನೀ ಚಿಂತಿ ಮಾಡಬ್ಯಾಡ ಅಣ್ಣಾ. ಗುಡ್ಡ ಇಳಿದ್ರ ಇವ್ರೊಬ್ರ ಇಳೀತಾರ."

ಜಂಬುನಾಥ ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ತಿರುವಿನಲ್ಲಿ ಅವನಿಗೆ ಏನಾದರೂ ಆದರೆ ಅದು ತಂಗಿಯ ಗಂಡನಿಗೂ ಆದಂತೆ, ಹೆಂಡತಿಯ ಅಣ್ಣನಿಗೂ ಆದಂತೆ. ಮಾರೇಶನಿಗೆ ಮುಖ ತೋರಿಸಲು ಯಾವ ಮನೆಯೂ ಉಳಿಯುವುದಿಲ್ಲ. ಇದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನೆಲದ ಮೇಲೆ ಮಲಗಿದ್ದ ಕಪ್ಪು ಫೋರ್ಕನ್ನು ನೋಡಿದ. ಬಿಚ್ಚಿಟ್ಟಾಗಲೂ ಅದು ಚೆಂದವೇ ಇತ್ತು.

"ಕಾಕಾ, ಅದನ್ನ ಅವನ ಗಾಡಿಗೇ ಹಾಕ್ರಿ," ಎಂದ.

"ಬಿಚ್ಚಿಸಿದ್ದು ಎದಕ್ಕೋ ಮಾರಾಯ?" ಗಾದಿಲಿಂಗಪ್ಪ ಸ್ಪ್ಯಾನರ್ ಕೆಳಗಿಟ್ಟ.

"ಹಾಕ್ರಿ ಅಂದ್ನೆಲ್ಲ. ಆದ್ರ ಮುಂದಿನ ಮಡ್‌ಗಾರ್ಡ್ ಮಾತ್ರ ಕೊಡಂಗಿಲ್ಲ. ಅದು ನಂದು."

ಗಂಗೋತ್ರಿ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ತಗೋ ಮಾವ," ಎಂದ ಜಂಬುನಾಥ. "ಮಳಿಗಾಲಕ್ಕ ಬ್ಯಾರೆ ನೋಡ್ಕಂತೀನಿ."

ಸಂಜೆಯ ಹೊತ್ತಿಗೆ ಎರಡೂ ಗಾಡಿಗಳು ಮತ್ತೆ ಗಾಲಿಯ ಮೇಲೆ ನಿಂತವು. ಬ್ರೇಕ್ ಆಯಿಲ್ ತುಂಬಿ, ಪೈಪಿನ ಗಾಳಿ ತೆಗೆದು, ಗಾದಿಲಿಂಗಪ್ಪ ಜಂಬುನಾಥನ ಗಾಡಿಯನ್ನು ರಸ್ತೆಗಿಳಿಸಿದ. ಮುಂದಿನ ಗಾಲಿಯ ಮೇಲೆ ಈಗ ಏನೂ ಇರಲಿಲ್ಲ. ಕಪ್ಪು ರಿಮ್, ಕಡ್ಡಿಗಳು, ಟೈರು ಬರೀ ಮೈಯಲ್ಲಿ ಕಾಣುತ್ತಿದ್ದವು.

ಗಾಡಿ ಸಂಡೂರಿನ ಕಡೆ ಹೊರಟಾಗ ಎದುರಿನ ಚಹಾ ಅಂಗಡಿಯವರು ಕೆಟ್ಲಿ ಕೈಯಲ್ಲಿ ಹಿಡಿದೇ ತಿರುಗಿ ನೋಡಿದರು. ಪೆಟ್ರೋಲ್ ಹಾಕಿಸಿಕೊಂಡು ಬಂದ ಇಬ್ಬರು ತಮ್ಮ ಬೈಕ್ ನಿಲ್ಲಿಸಿ, ಅದು ತಿರುವು ದಾಟುವವರೆಗೆ ಕಣ್ಣು ಕೀಳಲಿಲ್ಲ. ಒಬ್ಬ ಮೊಬೈಲ್ ಎತ್ತಿದ.

"ಮಡ್‌ಗಾರ್ಡ್ ತೆಗೆದ ಮ್ಯಾಲ ಇನ್ನೂ ಮಸ್ತ್ ಕಾಣ್ತೈತಲ್ಲೋ!" ಎಂದ ಗಾದಿಲಿಂಗಪ್ಪ, ಮನಸ್ಸಿನಿಂದಲೇ.

ಮಾರೇಶ ಮಡ್‌ಗಾರ್ಡನ್ನು ಎದೆಗೆ ಹಿಡಿದುಕೊಂಡು ನಿಂತಿದ್ದ. ಅದು ಅವನ ಈಗಿನ ಫೋರ್ಕಿಗೆ ಕೂರುವಂಥದ್ದಲ್ಲ. ಆ ಫೋರ್ಕಿಗೆ ಅದರದೇ ಅಗಲವಾದ ಮಡ್‌ಗಾರ್ಡ್ ಇತ್ತು.

"ಏನ್ ಮಾಡ್ತೀ ಅದನ್ನ?" ಗಾದಿಲಿಂಗಪ್ಪ ಕೇಳಿದ.

"ಹಗ್ಗ ಐತೇನ್ರಿ?" ಎಂದ ಮಾರೇಶ. ಮಡ್‌ಗಾರ್ಡನ್ನು ಹಿಂದಿನ ಸೀಟಿಗೆ ಬಿಗಿದು, ಗಂಟು ಸರಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿ, ಕಂಪ್ಲಿಯ ದಾರಿ ಹಿಡಿದ.