ನಾಲ್ಕೂವರೆಯ ಪ್ಯಾನ್ಸಿ, ಏಳೂವರೆಯ ಪ್ಯಾನ್ಸಿ

ಕರಿಯರು ಹೇಗೆ ಮಾತಾಡುತ್ತಾರೆ ಅಂತ ನನಗೆ ಹೇಳಿಕೊಟ್ಟವನು ಒಬ್ಬ ಬಿಳಿಯ. ಹ್ಯಾಲ್ವರ್ಸನ್ ಅಂತ ಅವನ ಹೆಸರು. ನಾನು ಒಡೆಸ್ಸಾ ಪಿಕೆಟ್, ಲಾಸ್ ಏಂಜಲೀಸಿನ ಸೆಂಟ್ರಲ್ ಅವೆನ್ಯೂ ಪಕ್ಕದ ಕರಿಯರ ಬೀದಿಯಲ್ಲೇ ಹುಟ್ಟಿ ಬೆಳೆದವಳು. ಅವನು ಮಿನೆಸೋಟದ ಹಿಮದಲ್ಲಿ ಬೆಳೆದವನು. ರೈಲಿನಲ್ಲಿ ಹಾಸಿಗೆ ಹಾಸಿಕೊಡುವ ಆಳುಗಳನ್ನು ಬಿಟ್ಟರೆ ನಮ್ಮವರನ್ನು ಇನ್ನೆಲ್ಲೂ ಕಂಡಿರಲಿಲ್ಲವಂತೆ. ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದಳು ಅಂತಾರಲ್ಲ, ಹಾಗೆ.

ಅದು ಮೂವತ್ತೊಂಬತ್ತನೇ ಇಸವಿ. ಹ್ಯಾಲ್ವರ್ಸನ್ ರೇಡಿಯೋಗೆ ಒಂದು ಹಾಸ್ಯ ನಾಟಕ ಮಾಡಿಸುತ್ತಿದ್ದ. ಗ್ರಿಂಬಲ್ ಅನ್ನೋ ಯಜಮಾನ, ಅವನ ಸಂಸಾರ, ಮನೆಗೆಲಸಕ್ಕೆ ಪ್ಯಾನ್ಸಿ ಅನ್ನೋ ಕರಿಯಳು. ಖರ್ಚು ಹಾಕುತ್ತಿದ್ದದ್ದು ಒಂದು ಗಂಜಿಪುಡಿ ಕಂಪನಿ. ಬಟ್ಟೆಗೆ ಹಾಕುವ ಗಂಜಿ. ಆ ಪಾತ್ರ ಕೇಳಿಕೊಂಡು ಹೋದ ನಾನು ಪ್ಯಾನ್ಸಿಯ ಮಾತುಗಳನ್ನು ನೆಟ್ಟಗೆ ಓದಿದೆ. ಹ್ಯಾಲ್ವರ್ಸನ್ ಹಣೆ ಉಜ್ಜಿಕೊಂಡ. ನೀನು ಸ್ಕೂಲ್ ಮೇಡಮ್ಮಿನ ಥರ ಮಾತಾಡ್ತೀಯ, ಕೇಳೋರಿಗೆ ಕರಿಯಳು ಅಂತ ಗೊತ್ತಾಗೋದು ಹೇಗೆ ಅಂದ. ಆಮೇಲೆ ತಾನೇ ಎದ್ದು ನಿಂತು, ರಾಗ ಎಳೆದು, ಮೂಗಿನಲ್ಲಿ ಅತ್ತು, ಕಣ್ಣು ಗರಗರ ತಿರುಗಿಸಿ ತೋರಿಸಿದ. ರೇಡಿಯೋಗೆ ಕಣ್ಣು ಯಾಕೆ ತಿರುಗಿಸಬೇಕೋ ಆ ದೇವರೇ ಬಲ್ಲ.

ಮೈಯೆಲ್ಲ ಉರಿದುಹೋಯಿತು. ಆದರೂ ಹಲ್ಲು ಕಚ್ಚಿಕೊಂಡು ಅವನ ಹಾಗೇ ಹೇಳಿದೆ. ನಾಲ್ಕು ವರ್ಷ ಲಾಂಡ್ರಿಯ ಹಬೆಯಲ್ಲಿ ಬೆಂದಿದ್ದೆ. ಇದು ಕೈತಪ್ಪಿದರೆ ಮತ್ತೆ ಅಲ್ಲಿಗೇ ಹೋಗಬೇಕಿತ್ತು. ನಟಿ ಆಗಬೇಕು ಅನ್ನೋದು ನನ್ನ ಹಠ, ನಮ್ಮಂಥವರಿಗೆ ತೆರೆದಿದ್ದದ್ದು ಅದೊಂದೇ ಬಾಗಿಲು.

ಆಗೆಲ್ಲ ರೆಕಾರ್ಡು ಮಾಡಿ ಹಾಕುತ್ತಿರಲಿಲ್ಲ, ಒಂದೇ ನಾಟಕವನ್ನು ಒಂದೇ ದಿನ ಎರಡು ಸಲ ನೇರವಾಗಿ ಆಡುತ್ತಿದ್ದೆವು. ನ್ಯೂಯಾರ್ಕಿನ ಗಡಿಯಾರ ನಮಗಿಂತ ಮೂರು ಗಂಟೆ ಮುಂದೆ. ಹಾಗಾಗಿ ಪ್ರತಿ ಗುರುವಾರ ಸಂಜೆ ನಾಲ್ಕೂವರೆಗೆ ಅವರಿಗೋಸ್ಕರ ಒಂದು ಸಲ, ಏಳೂವರೆಗೆ ನಮ್ಮ ಕಡೆಯವರಿಗೋಸ್ಕರ ಇನ್ನೊಂದು ಸಲ. ಪ್ರತಿ ಹಾಳೆಯನ್ನೂ ಗಂಜಿ ಕಂಪನಿಯವರು ಓದಿ ಮೊಹರು ಒತ್ತಿರುತ್ತಿದ್ದರು. ಒಂದು ಅಕ್ಷರ ಆಚೀಚೆ ಆದರೂ ಕೆಲಸ ಹೋಯಿತು ಅಂತಲೇ ಲೆಕ್ಕ.

ನನ್ನಮ್ಮ ಲುವೀನಿಯಾ ಪ್ಯಾಸಡೀನಾದಲ್ಲಿ ಮಿಸೆಸ್ ಎಲ್ವುಡ್ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸಕ್ಕಿದ್ದಳು. ವಾಸವೂ ಅಲ್ಲೇ. ಮನೆಗೆಲಸದವರಿಗೆಲ್ಲ ಗುರುವಾರ ರಜ. ಮೊದಲನೇ ಗುರುವಾರ ಅಮ್ಮ ಇದ್ದ ಒಳ್ಳೇ ಟೋಪಿ ಹಾಕಿಕೊಂಡು, ನನಗೂ ಹೇಳದೆ, ಸ್ಟುಡಿಯೋದಲ್ಲಿ ನೋಡುವವರ ಸಾಲಿನ ಕೊನೆಯಲ್ಲಿ ಬಂದು ಕೂತಿದ್ದಳು.

ನಾಟಕದಲ್ಲಿ ಗ್ರಿಂಬಲ್ ತನ್ನ ಅಂಗಿ ಗರಿಗರಿ ಇರಬೇಕು ಅಂತ ಪೆಟ್ಟಿಗೆಯಲ್ಲಿರೋ ಗಂಜಿಪುಡಿಯನ್ನೆಲ್ಲ ಸುರಿ ಅನ್ನುತ್ತಾನೆ. ಪ್ಯಾನ್ಸಿ ಸುರಿಯುತ್ತಾಳೆ. ಅಂಗಿ ಹಲಗೆಯಾಗುತ್ತದೆ, ಗ್ರಿಂಬಲನಿಗೆ ಕೈ ಮಡಿಸೋಕೂ ಆಗೋದಿಲ್ಲ. ಇದೇನೇ ಅಂತ ಕೂಗುತ್ತಾನೆ. "ಹೌದು ಯಜಮಾನ್ರೇ. ನೀವು ಹೇಳಿದ ಹಾಗೇ ಮಾಡ್ದೆ" ಅನ್ನುತ್ತಾಳೆ ಪ್ಯಾನ್ಸಿ. ನಾನು ಅದನ್ನ ಹ್ಯಾಲ್ವರ್ಸನ್ ಕಲಿಸಿದ ಹಾಗೆ, ಹೆದರಿ ಬಿಕ್ಕುತ್ತಾ ಎಳೆದೆ. ಜನ ಬಿದ್ದು ಬಿದ್ದು ನಕ್ಕರು. ತಲೆಯೆತ್ತಿ ನೋಡಿದರೆ ಕೊನೇ ಸಾಲಿನಲ್ಲಿ ಒಂದು ಮುಖ ಮಾತ್ರ ನಗುತ್ತಿರಲಿಲ್ಲ.

ಎರಡನೇ ಆಟಕ್ಕೆ ಇನ್ನೂ ಹೊತ್ತಿತ್ತು, ಅಮ್ಮನೂ ನಾನೂ ನನ್ನ ಮನೆಗೆ ಹೋದೆವು. ಅಮ್ಮ ಮೀನು ಕರಿದಳು, ಜೋಳದ ರೊಟ್ಟಿ ಬಿಸಿ ಮಾಡಿದಳು. ಕೊನೆಗೆ ನಾನೇ, ಏನಮ್ಮ, ನಮ್ಮ ಜನಕ್ಕೆ ಅವಮಾನ ಮಾಡಿದೆ ಅಂತ ತಾನೇ ಅಂದೆ.

"ಜನದ ಮಾತು ಆಮೇಲೆ" ಅಂದಳು. "ಆ ಪ್ಯಾನ್ಸಿಗೆ ಕೆಲಸ ಬರಲ್ವಲ್ಲೇ. ಅಂಥ ಪೆದ್ದೀನ ನಾನು ಒಂದು ಮಧ್ಯಾಹ್ನ ಕೂಡ ಅಡುಗೆಮನೇಲಿ ಇಟ್ಕೊಳ್ಳಲ್ಲ."

ಅವಳ ಸಂಕಟ ಬೇರೆಯೇ ಇತ್ತು. ನನ್ನ ಮಗಳು ರೇಡಿಯೋದಲ್ಲಿ ಬರ್ತಾಳೆ ಅಂತ ಬೀದಿಗೆಲ್ಲ ಸಾರಿಬಿಟ್ಟಿದ್ದಳು. ಏಳೂವರೆಗೆ ನಮ್ಮ ಬೀದಿಯ ಒರೀನಕ್ಕನ ಮನೆಯಲ್ಲಿ ಹದಿನೆಂಟು ಹೆಂಗಸರು ಸೇರುವವರಿದ್ದರು. ಹದಿನೆಂಟೂ ಮಂದಿ ಮನೆಗೆಲಸದವರು. ಅವರ ಮುಂದೆ ನಾನು ಮುಖ ಎಲ್ಲಿ ಇಟ್ಕೊಳ್ಳಲಿ, ಬೇಗ ಹೋಗಿ ಒರೀನಳ ರೇಡಿಯೋದಿಂದ ಒಂದು ವಾಲ್ವ್ ಕಿತ್ತು ಜೇಬಿಗೆ ಹಾಕ್ಕೋತೀನಿ, ಆಗ ಅದು ಮಾತಾಡೋದೇ ಇಲ್ಲ ಅಂತ ನಿಜವಾಗಿಯೂ ಹೊರಟಳು. ನಾನು ಕೈ ಹಿಡಿದು ಕೂರಿಸಿದೆ. ಮಾತು ಬದಲಿಸೋ ಹಾಗಿಲ್ಲಮ್ಮ, ಮೊಹರು ಒತ್ತಿದ್ದಾರೆ ಅಂದೆ.

"ಮಾತು ಯಾಕೆ ಬದಲಿಸ್ಬೇಕು? ಮಾತು ಸರಿಯಾಗೇ ಇದೆ" ಅಂದಳು.

ಆಮೇಲೆ ಹೇಳಿದಳು. ಅವಳು ಸೇರಿದ ಹೊಸತರಲ್ಲಿ ಮಿಸೆಸ್ ಎಲ್ವುಡ್ ಅಡುಗೆಮನೆಗೆ ಬಂದು ಸೂಪಿಗೆ ಡಬ್ಬದ ಮೆಣಸಿನಪುಡಿಯೆಲ್ಲ ಹಾಕು ಅಂದಿದ್ದಳಂತೆ. ಬೇಡ ಅಂತ ಅಮ್ಮ ಒಂದು ಸಲ ಹೇಳಿದಳು. ಹೇಳಿದಷ್ಟು ಮಾಡು ಅಂತ ಉತ್ತರ ಬಂತು. ಅಮ್ಮ ಅಷ್ಟೂ ಹಾಕಿದಳು. ಹನ್ನೆರಡು ಜನ ಅತಿಥಿಗಳು ಕಣ್ಣುಮೂಗು ಒರೆಸಿಕೊಳ್ಳುವಾಗ ಬಾಗಿಲಲ್ಲಿ ನಿಂತು ಹೇಳಿದ್ದು ಪ್ಯಾನ್ಸಿಯ ಇದೇ ಮಾತು. ಹೇಗೆ ಹೇಳಿದೆ ಅಂತ ಅಮ್ಮ ಕುರ್ಚಿ ಬಿಟ್ಟು ಎದ್ದು ತೋರಿಸಿದಳು. ಕೈ ಮುಂದೆ ಕಟ್ಟಿದಳು. ದನಿ ಏರಿಸಲಿಲ್ಲ, ಎಳೆಯಲಿಲ್ಲ. ಹೌದು ಅಮ್ಮಾವ್ರೇ ಅಂದಳು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ತಡೆದಳು. ಆಮೇಲೆ ಬಹಳ ಮರ್ಯಾದೆಯಿಂದ ಉಳಿದದ್ದು ಹೇಳಿದಳು. ನನಗೆ ನಕ್ಕು ನಕ್ಕು ರೊಟ್ಟಿ ನೆತ್ತಿಗೇರಿತು.

"ಪ್ಯಾನ್ಸಿ ಪೆದ್ದಿ ಅಲ್ಲ ಕಣೇ, ತಾನೇನು ಮಾಡ್ತಿದೀನಿ ಅಂತ ಅವಳಿಗೆ ಗೊತ್ತು" ಅಂದಳು ಅಮ್ಮ. ಅಷ್ಟು ಹೇಳಿ ಟೋಪಿ ಹಾಕಿಕೊಂಡು ಒರೀನಕ್ಕನ ಮನೆಗೆ ಹೋದಳು.

ಏಳೂವರೆಗೆ ಹ್ಯಾಲ್ವರ್ಸನ್ ನನ್ನ ಬೆನ್ನು ತಟ್ಟಿ, ಮೊದಲಿನ ಹಾಗೇ ಮಾಡು, ಸ್ವಲ್ಪವೂ ಬದಲಿಸಬೇಡ ಅಂದು, ತಾನು ಕೂತು ನಾಟಕ ನಡೆಸುವ ಗಾಜಿನ ಗೂಡಿಗೆ ಹೋದ. ಲಾಂಡ್ರಿ ಕಣ್ಣಮುಂದೆ ಬಂತು, ಒರೀನಕ್ಕನ ಮನೆಯೂ ಬಂತು. ಗ್ರಿಂಬಲ್ ಪಾತ್ರದ ಪ್ರೆಂಟಿಸ್ ಇದೇನೇ ಅಂತ ಕೂಗಿದ. ನಾನು ಕೈ ಕಟ್ಟಿಕೊಂಡೆ.

"ಹೌದು ಯಜಮಾನ್ರೇ" ಅಂದೆ. ತಡೆದೆ. ರೇಡಿಯೋದಲ್ಲಿ ಒಂದು ಉಸಿರಿನ ಮೌನ ಅಂದರೆ ಒಂದು ವರ್ಷ. ಗಾಜಿನ ಹಿಂದೆ ಹ್ಯಾಲ್ವರ್ಸನ್ ಎರಡೂ ಕೈಯಿಂದ ಎಳಿ, ಎಳಿ ಅಂತ ಸನ್ನೆ ಮಾಡುತ್ತಿದ್ದ. "ನೀವು ಹೇಳಿದ ಹಾಗೇ ಮಾಡ್ದೆ."

ಯಾರೂ ನಗಲಿಲ್ಲ. ನನ್ನ ಕಥೆ ಮುಗೀತು ಅಂದುಕೊಂಡೆ. ಅಷ್ಟರಲ್ಲಿ ಹಿಂದೆ ನಿಂತಿದ್ದ ಟಿಕೆಟ್ ಹರಿಯುವವನು ಫಕ್ಕನೆ ನಕ್ಕ. ಅವನ ಪಕ್ಕದವಳು ನಕ್ಕಳು. ಪ್ರೆಂಟಿಸ್ ಜಂಬದ ಮನುಷ್ಯ, ಎಲ್ಲರೂ ತನ್ನ ಮುಖ ನೋಡಿ ನಗುತ್ತಿದ್ದಾರೆ ಅಂತ ತಿಳಿದು ಕೆಂಪಗಾದ, ಮುಂದಿನ ಮಾತೇ ಮರೆತ. ಆಮೇಲೆ ಸಭೆಯೆಲ್ಲ ನಗುವಿನಲ್ಲಿ ಕೊಚ್ಚಿಕೊಂಡು ಹೋಯಿತು ನೋಡಿ. ಯಜಮಾನ ಅಂತ ಒಬ್ಬ ಎಲ್ಲರಿಗೂ ಇರುತ್ತಾನಲ್ಲ. ನಗು ನಿಲ್ಲುವಷ್ಟರಲ್ಲಿ ಹೊತ್ತು ಮೀರಿ, ಕೊನೆಯ ಗಂಜಿಪುಡಿ ಜಾಹೀರಾತು ಹಾರಿಹೋಯಿತು.

ಹ್ಯಾಲ್ವರ್ಸನ್ ಕೆಂಡವಾಗಿದ್ದ. ಮನೆಗೆಲಸದವಳು ಹಾಗೆ ಮಾತಾಡಲ್ಲ ಅಂತ ನನಗೆ ಪಾಠ ಹೇಳಿದ. ನಮ್ಮಮ್ಮ ಇಪ್ಪತ್ತೆರಡು ವರ್ಷದಿಂದ ಹಾಗೇ ಮಾತಾಡ್ತಿದ್ದಾಳೆ ಸಾರ್ ಅಂದೆ. ಮರುದಿನ ಬೆಳಿಗ್ಗೆ ಗಂಜಿ ಕಂಪನಿಯವರೇ ಫೋನ್ ಮಾಡಿ, ಜಾಹೀರಾತು ಹೋದರೆ ಹೋಗಲಿ, ಜನ ಅಷ್ಟು ನಕ್ಕರಲ್ಲ, ಆ ಹುಡುಗಿಯನ್ನ ಬಿಡಬೇಡಿ ಅಂದರಂತೆ. ಹ್ಯಾಲ್ವರ್ಸನ್ ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಒಂದು ತೀರ್ಮಾನ ಮಾಡಿದ. ಏಳೂವರೆಗೆ ನನ್ನ ಇಷ್ಟ, ನಾಲ್ಕೂವರೆಗೆ ಅವನ ಇಷ್ಟ. ಹಾಗೆ ಒಂದು ವರ್ಷ ನ್ಯೂಯಾರ್ಕಿಗೆ ಹ್ಯಾಲ್ವರ್ಸನ್ನಿನ ಪ್ಯಾನ್ಸಿ, ಲಾಸ್ ಏಂಜಲೀಸಿಗೆ ನನ್ನಮ್ಮ. ನಾಲ್ಕೂವರೆಯದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಆ ಮೊದಲನೇ ಆಟವಾದ ಮುಂದಿನ ಗುರುವಾರ ಅಮ್ಮ ಬಂದಾಗ ಹೊಗಳಿಕೆಗೆ ಕಾದು ಕೂತಿದ್ದೆ. ಒರೀನಕ್ಕನ ಮನೆಯಲ್ಲಿ ಹೆಂಗಸರು ನಕ್ಕ ನಗುವಿಗೆ ಪಕ್ಕದ ಮನೆಯವರು ಓಡಿ ಬಂದರಂತೆ, ಹದಿನೆಂಟೂ ಜನ ಅದು ನಾನೇ, ಅದು ನಾನೇ ಅಂತ ಜಗಳಕ್ಕೆ ಬಿದ್ದರಂತೆ. ಇಷ್ಟು ಹೇಳಿ ಅಮ್ಮ ದನಿ ತಗ್ಗಿಸಿದಳು. ಮಿಸೆಸ್ ಎಲ್ವುಡ್ ಕೂಡ ಕೇಳಿದ್ದಳು. ಶುಕ್ರವಾರ ಬೆಳಿಗ್ಗೆ ಕಾಫಿ ಬಟ್ಟಲು ಕೆಳಗಿಟ್ಟು, ಆ ರೇಡಿಯೋದವಳಿಗೆ ಎಷ್ಟು ಕೊಬ್ಬು ನೋಡು ಲುವೀನಿಯಾ, ಸದ್ಯ, ನೀನು ಹಾಗಲ್ಲ ಅಂದಳಂತೆ.

ನೀನೇನಂದೆ ಅಂತ ಕೇಳಿದೆ.

"ಏನೂ ಅನ್ನೋಕಾಗ್ಲಿಲ್ಲ ಕಣೇ. ಹೌದು ಅಮ್ಮಾವ್ರೇ ಅನ್ನೋಕೆ ಬಾಯಿ ತೆಗೆದೆ, ಇನ್ನು ಅದನ್ನ ಅಂದ್ರೆ ಅದರೊಳಗಿನ ಕುಟುಕು ಅವಳಿಗೆ ಗೊತ್ತಾಗ್ಬಿಡುತ್ತಲ್ಲ ಅಂತ ನುಂಗಿಕೊಂಡೆ. ಇಪ್ಪತ್ತೆರಡು ವರ್ಷ ಆ ಮನೇಲಿ ನನ್ನದು ಅಂತ ಇದ್ದದ್ದು ಅದೊಂದೇ. ನೀನು ದೇಶಕ್ಕೆಲ್ಲ ಹಂಚಿಬಿಟ್ಟೆ."

ಹೇಳುತ್ತಾ ಹೇಳುತ್ತಾ ಅವಳೇ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನನಗೆ ಮಾತ್ರ ನಗು ಬರಲಿಲ್ಲ. ಹೋಗಲಿ ಬಿಡು, ಅಂಥದ್ದೇ ಇನ್ನೊಂದು ಮಾತು ಹುಡುಕ್ಕೋತೀನಿ, ಅದನ್ನ ನಿನಗೆ ಹೇಳಲ್ಲ ಅಂದಳು. ಸಾಯುವವರೆಗೂ ಹೇಳಲಿಲ್ಲ.