ಎಡಗಾಲಿನ ಪೆಡಲ್

ಬೆನ್ನಿನ ಆಪರೇಷನ್ ಆದ ಮೇಲೂ ಟೈಲರಮ್ಮನ ಎಡಗಾಲಿನ ನೋವು ಬಿಡಲಿಲ್ಲ. ಸೊಂಟದಿಂದ ಹಿಮ್ಮಡಿವರೆಗೆ ಕಾದ ಸಲಾಕೆ ಎಳೆದ ಹಾಗೆ. ಕೊನೆಗೆ ಡಾಕ್ಟರು ಸೊಂಟದ ಚರ್ಮದಡಿ ಬೆಂಕಿಪೊಟ್ಟಣದಷ್ಟು ಯಂತ್ರ ಇಟ್ಟು, ಅದರ ಸಣ್ಣ ತಂತಿಯನ್ನು ಬೆನ್ನುಹುರಿಯ ಪಕ್ಕ ಕೂರಿಸಿದರು. ರಿಮೋಟ್ ಒತ್ತಿದರೆ ನೋವಿನ ಜಾಗದಲ್ಲಿ ಇರುವೆ ಹರಿದಂಥ ಜುಮುಜುಮು, ಅಷ್ಟೇ. ಅವಳು ಮತ್ತೆ ಅಂಗಡಿ ಬಾಗಿಲು ತೆಗೆದಳು. ಗಂಡನಿಗೂ ಹೋದ ಜೀವ ಬಂದಂತಾಯಿತು.

ಒಂದು ಮಧ್ಯಾಹ್ನ ಊಟವಾಗಿ ಕರೆಂಟ್ ಮೆಷಿನ್ ಮುಂದೆಯೇ ತೂಕಡಿಸುತ್ತಿದ್ದಳು. ಗಂಡ ಭುಜ ಅಲುಗಿಸಿದ.

"ಏನೇ ಇದು, ಬಟ್ಟೆನೇ ಇಲ್ದೆ ಹೊಲೀತಿದ್ದೀಯ?"

ಸೂಜಿ ಖಾಲಿ ತಗಡಿನ ಮೇಲೆ ಟಕಟಕ ಓಡುತ್ತಿತ್ತು. ಕೆಳಗೆ ಕಾಲು ಪೆಡಲ್ ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು.

"ನಿದ್ದೇಲೂ ದುಡಿಮೆ ನೋಡು," ಅಂತ ಅವನು ನಕ್ಕ. ಅವಳೂ ನಕ್ಕಳು. ಆದರೆ ಅವಳು ಪೆಡಲ್ ಒತ್ತುತ್ತಿದ್ದದ್ದು ಯಾವತ್ತೂ ಬಲಗಾಲಲ್ಲಿ. ಈಗ ಒತ್ತುತ್ತಿದ್ದದ್ದು ಎಡಗಾಲು.

ಮರುವಾರ ಕಾಲರ್ ಹೊಲಿಯಲು ಬಗ್ಗಿದಾಗ ಪೂರ್ತಿ ಎಚ್ಚರವಾಗಿದ್ದಳು. ಎಡಗಾಲು ತಾನಾಗಿ ಎದ್ದು, ಬಲಗಾಲಿನ ಮೇಲೆ ಇಳಿದು, ಒತ್ತಿತು. ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು, ಬರಲಿಲ್ಲ. ಮೇಜಿನಡಿ ಬೇರೆ ಯಾರೋ ಕೂತು ಕಾಲು ಚಾಚಿದಂತಿತ್ತು. ಸೂಜಿ ತೋರುಬೆರಳಿನ ಉಗುರನ್ನು ತೂರಿತು.

ಗಂಡ ಓಡಿಬಂದು ಪ್ಲಗ್ ಕಿತ್ತ. ಮೆಷಿನ್ ನಿಂತಿತು. ಕಾಲು ನಿಲ್ಲಲಿಲ್ಲ. ರಿಮೋಟ್ ಹುಡುಕಿ ಸೊಂಟದ ಯಂತ್ರ ಆರಿಸಿದ ಮೇಲೆಯೇ ಸುಮ್ಮನಾದದ್ದು.

"ತಂತಿ ಕೆಳಗೆ ಜಾರಿದೆ," ಎಂದರು ಡಾಕ್ಟರು ಎಕ್ಸ್‌ರೇ ಹಿಡಿದು. "ಕಾಲು ಆಡಿಸೋ ನರಕ್ಕೇ ಕರೆಂಟ್ ಹೋಗ್ತಿದೆ. ಕೆಲವರಿಗೆ ಜಾರುತ್ತೆ ಅಂತ ಮೊದಲೇ ಹೇಳಿದ್ದೆನಲ್ಲಮ್ಮ."

"ಜಾರುತ್ತೆ ಅಂದ್ರಿ ಸರ್. ನನ್ನ ಕಾಲನ್ನ ನಡೆಸುತ್ತೆ ಅನ್ಲಿಲ್ಲ."

ಪರೀಕ್ಷೆಗೆಂದು ಟೆಕ್ನಿಷಿಯನ್ ಯಂತ್ರವನ್ನು ಮತ್ತೆ ಶುರುಮಾಡಿ, ಕೈಯಲ್ಲಿದ್ದ ಪರದೆಯ ಮೇಲೆ ಬೆರಳು ಸರಿಸಿದ. ಮಂಚದ ಮೇಲೆ ಅವಳ ಕಾಲು ಮೆಲ್ಲಗೆ ಎದ್ದಿತು. ಬೆರಳು ಹಿಂದೆ ತಂದ, ಇಳಿಯಿತು.

"ಚೆನ್ನಾಗಿ ಮಾತು ಕೇಳ್ತಿದೆ," ಅಂದ, ಅವಳ ಮುಖ ನೋಡದೆ.

ಅವಳು ಎರಡೂ ಕೈಯಿಂದ ಆ ಕಾಲನ್ನು ಅದುಮಿ ಹಿಡಿದಳು.

"ಸರಿಮಾಡಿ ಕೂರಿಸಬಹುದು," ಎಂದರು ಡಾಕ್ಟರು.

"ಬೇಡ. ತೆಗೆದುಬಿಡಿ."

"ನೋವು ವಾಪಸ್ ಬರುತ್ತಮ್ಮ."

"ಬರಲಿ."

ತೆಗೆದರು. ಗಾಯ ಮಾಯುವ ಮೊದಲೇ ನೋವು ಬಂತು, ಒಂದಿಷ್ಟೂ ಕಡಿಮೆಯಿಲ್ಲದೆ. ಈಗ ಗಂಡ ಮೆಷಿನ್ ಕಲಿಯುತ್ತಿದ್ದಾನೆ. ಅವಳು ಗುಂಡಿ ಹಾಕುತ್ತಾ, ಅವನ ಹೊಲಿಗೆ ಸೊಟ್ಟ ಹೋದರೆ ಬೈಯುತ್ತಾ ಕೂರುತ್ತಾಳೆ. ಬೆಳಗ್ಗೆ ಎದ್ದಾಗ ಮಾತ್ರ ಹೊದಿಕೆ ಸರಿಸಿ, ಎಡಗಾಲನ್ನೇ ನೋಡುತ್ತಾ ಸ್ವಲ್ಪ ಹೊತ್ತು ಮಿಸುಕದೆ ಇರುತ್ತಾಳೆ. ಅದೂ ಮಿಸುಕುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ನೆಲಕ್ಕಿಡುವುದು.